ಅಂಚಿನ ಒಂದು ಅಡಿ

ಲೈಲ್ ಹಿಂಟ್ಸ್ ಮಂಡಿಯೂರಿ ಕೂತು, ಅಡುಗೆಮನೆಯ ಹಳೇ ಚಾಕುವಿನಿಂದ ಹುಲ್ಲುಹಾಸಿನ ಒಂದು ತುಣುಕನ್ನು ಕತ್ತರಿಸಿ ಎತ್ತಿ, ಮೇಲಿನ ಹಸಿರಿಗೂ ಕೆಳಗಿನ ಕರಿಮಣ್ಣಿಗೂ ನಡುವೆ ಸತ್ತ ಹುಲ್ಲು ಎಷ್ಟು ದಪ್ಪ ಕೂತಿದೆ ಅಂತ ಹೆಬ್ಬೆರಳಿಟ್ಟು ಅಳೆಯುತ್ತಿದ್ದ. ಆಗ ಪಕ್ಕದ ಮನೆಯ ಡ್ವೇನ್ ವ್ಯಾಂಡೆಹೇ ಕಾಫಿ ಲೋಟ ಹಿಡಿದು ಬಂದು, ನಾಳೆ ಬೆಳಿಗ್ಗೆ ನಾಯಿ ಬೇಲಿ ಕಂಪನಿಯವನು ನೆಲದೊಳಗಿನ ತಂತಿ ಪರೀಕ್ಷೆ ಮಾಡೋಕೆ ಬರ್ತಾನೆ ಅಂದ. ಹೆಂಡತಿ ಬರ್ನಡೀನ್ ಕೊನೆಗೂ ಹೊಸ ನಾಯಿಗೆ ಒಪ್ಪಿದಳು, ಅವಳ ತಂಗಿಯ ಮಗಳು ಕ್ಯಾಥ್ಲೀನಳ ಹತ್ತಿರ ಬೀಗಲ್ ಜಾತಿಯ ಮರಿಗಳಿವೆ, ಬುಧವಾರ ಒಂದು ಬರುತ್ತೆ ಅಂದ. ಇಷ್ಟನ್ನೂ ಹೇಳಿ ಡ್ವೇನ್ ನಗಲಿಲ್ಲ. ಲೈಲ್ ಕೂಡ ಮೇಲೆ ನೋಡಲಿಲ್ಲ. ಸತ್ತ ಹುಲ್ಲು ಅರ್ಧ ಇಂಚಿಗಿಂತ ಜಾಸ್ತಿ ಇತ್ತು, ಇಷ್ಟಾದರೆ ನೀರು ಕೆಳಗಿಳಿಯೋದಿಲ್ಲ, ಬೇರು ಮಣ್ಣಿಗೆ ಹೋಗದೆ ಆ ಕಸದಲ್ಲೇ ಸುತ್ತಾಡಿ ಸಾಯುತ್ತೆ. ಅವನು ಆ ತುಣುಕನ್ನು ವಾಪಸ್ ಅದರ ಜಾಗದಲ್ಲಿಟ್ಟು ಅಂಗೈಯಿಂದ ಒತ್ತಿದ, ಮತ್ತೆ ಒತ್ತಿದ, ಅಗತ್ಯಕ್ಕಿಂತ ಎರಡು ಸಲ ಜಾಸ್ತಿಯೇ ಒತ್ತಿದ. ಒಳ್ಳೇದಾಯ್ತು ಬಿಡು ಅಂದ. ಡ್ವೇನ್ ಹೂಂ ಅಂದು, ನಮ್ಮ ಹುಲ್ಲನ್ನೂ ಮಾಡಿಕೊಡ್ತೀಯಲ್ಲ, ಬರ್ನಡೀನ್ ಕೇಳು ಅಂದಳು ಅಂತ ಹೇಳಿ ಹೋದ.

ಸೆಪ್ಟೆಂಬರಿನ ಎರಡನೇ ಭಾನುವಾರ ಫಾಕ್ಸ್ ನದಿಯ ಈ ಕಡೆಯ ಬೀದಿಗಳಲ್ಲಿ ಬೇರೆ ಶಬ್ದವೇ ಇರೋದಿಲ್ಲ. ಎಲ್ಲರ ಮನೆಯ ಮುಂದೂ ಒಂದು ಯಂತ್ರ ಗುಡುಗುತ್ತಿರುತ್ತೆ, ಚರ್ಚಿನಿಂದ ಬಂದವರು ಒಳ್ಳೇ ಅಂಗಿ ಬಿಚ್ಚಿಟ್ಟು ನೇರ ಹುಲ್ಲಿಗಿಳಿಯುತ್ತಾರೆ, ಮಧ್ಯಾಹ್ನ ಟೀವಿಯಲ್ಲಿ ಫುಟ್‌ಬಾಲ್ ಆಟ ಶುರುವಾಗೋದರೊಳಗೆ ಮುಗಿಸಬೇಕು ಅನ್ನೋ ಆತುರ. ಲೈಲ್ ಬಾಡಿಗೆ ಅಂಗಡಿಯಿಂದ ಬೆಳಿಗ್ಗೆಯೇ ಎರಡೂ ಯಂತ್ರ ತಂದಿದ್ದ, ಸತ್ತ ಹುಲ್ಲು ಕೆರೆಯೋದೊಂದು, ಮಣ್ಣಿಗೆ ಗಾಳಿಯಾಡಲಿ ಅಂತ ತೂತು ಹೊಡೆಯೋದೊಂದು. ನಾಲ್ಕಕ್ಕೆ ವಾಪಸ್ ಕೊಡಬೇಕು. ಕೆರೆಯೋ ಯಂತ್ರದ ಹಗ್ಗ ಎಳೆದ, ಮೂರನೇ ಎಳೆತಕ್ಕೆ ಹೊತ್ತಿಕೊಂಡಿತು, ಅದರ ಹೊಟ್ಟೆಯ ಕೆಳಗಿನ ಅಲಗುಗಳು ಹುಲ್ಲಿನ ಬುಡಕ್ಕೆ ನುಗ್ಗಿ ಕಂದು ಕಸವನ್ನು ಮೇಲಕ್ಕೆ ಕಕ್ಕಲು ಶುರು ಮಾಡಿದವು. ಈ ಕೆಲಸ ಅವನಿಗೆ ಯಾವಾಗಲೂ ಸಮಾಧಾನ ಕೊಡುತ್ತಿತ್ತು. ಕಾಗದದ ಗಿರಣಿಯಲ್ಲಿ ಮೂವತ್ತೊಂದು ವರ್ಷ, ಅದರಲ್ಲಿ ಹನ್ನೆರಡು ವರ್ಷ ಪಾಳಿಯ ಮೇಸ್ತ್ರಿ, ಅಲ್ಲಿ ಯಾವುದೂ ಅವನ ಮಾತು ಪೂರ್ತಿ ಕೇಳೋದಿಲ್ಲ, ಯಂತ್ರವೂ ಕೇಳೋದಿಲ್ಲ ಜನವೂ ಕೇಳೋದಿಲ್ಲ. ಹುಲ್ಲು ಕೇಳುತ್ತೆ. ಅವನ ಹುಲ್ಲಿನ ಅಂಚು ಕಾಲುದಾರಿಯ ಸಿಮೆಂಟಿಗೆ ಸೇರುವಲ್ಲಿ ಅಳತೆಪಟ್ಟಿ ಇಟ್ಟು ಕೊಯ್ದ ಹಾಗೆ ಇರುತ್ತಿತ್ತು. ಅದನ್ನ ಯಾರಾದರೂ ಹೊಗಳಿದರೆ ಅವನು ಅಯ್ಯೋ ಅದರಲ್ಲೇನಿದೆ ಅನ್ನುತ್ತಿದ್ದ, ಯಾರೂ ಹೊಗಳದಿದ್ದರೆ ಎರಡು ದಿನ ಮುಖ ಗಂಟು ಹಾಕಿಕೊಂಡಿರುತ್ತಿದ್ದ. ಇವತ್ತು ಮಾತ್ರ ಸಮಾಧಾನ ಬರಲಿಲ್ಲ. ನಾಳೆ ಬೆಳಿಗ್ಗೆ ಅಂದರೆ ಎಂಟು ಗಂಟೆಗೋ ಒಂಬತ್ತು ಗಂಟೆಗೋ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಒಂಬತ್ತಕ್ಕಾದರೆ ತಾನು ಗಿರಣಿಯಲ್ಲಿರುತ್ತೇನೆ, ಎಂಟಕ್ಕಾದರೂ ಗಿರಣಿಯಲ್ಲೇ ಇರುತ್ತೇನೆ. ಅವನು ಮಧ್ಯಾಹ್ನ ಮನೆಗೆ ಬರೋ ಹೊತ್ತಿಗೆ ಎಲ್ಲಾ ಗೊತ್ತಾಗಿರುತ್ತೆ.

ಹೋದ ವರ್ಷ ಇದೇ ಭಾನುವಾರ ಡ್ವೇನ್ ಬಾಗಿಲಲ್ಲಿ ನಿಂತು, ನಮ್ಮ ತಂತಿ ಅಂಚಿನಲ್ಲೇ ಇದೆ ಕಣೋ, ಸುತ್ತ ಒಂದು ಅಡಿ ಬಿಟ್ಟು ಹೊಡಿ ಅಂದಿದ್ದ. ಅಷ್ಟು ಹೇಳಿ ಆಟ ನೋಡೋಕೆ ಒಳಗೆ ಹೋಗಿದ್ದ. ಬರ್ನಡೀನ್ ಚರ್ಚಿನ ಹೆಂಗಸರ ಜೊತೆ ಕೌದಿ ಹೊಲಿಯೋಕೆ ಹೋಗಿದ್ದಳು. ಆ ತಂತಿ ಅಂದರೆ ನಾಯಿಯ ಬೇಲಿ. ಮನೆಯ ಸುತ್ತ ನೆಲದೊಳಗೆ ಎರಡಿಂಚು ಕೆಳಗೆ ಓಡುತ್ತೆ, ಗ್ಯಾರೇಜಿನ ಗೋಡೆಯ ಮೇಲಿರೋ ಒಂದು ಡಬ್ಬಿಯಿಂದ ಹೊರಟು ಅದಕ್ಕೇ ವಾಪಸ್ ಸೇರುತ್ತೆ, ನಾಯಿ ಹತ್ತಿರ ಬಂದರೆ ಕೊರಳಪಟ್ಟಿ ಚುರ್ ಅನ್ನುತ್ತೆ. ಅವರ ಬೀಗಲ್ ನಾಯಿಗೆ ಗ್ರೇವಿ ಅಂತ ಹೆಸರು, ಒಂಬತ್ತು ವರ್ಷದ್ದು, ಸೊಕ್ಕಿನ ಪ್ರಾಣಿ. ತಂತಿಯಿಂದ ಮೂರಡಿ ಒಳಗೆ ನಿಂತು ಊರನ್ನೆಲ್ಲ ಬೈಯುತ್ತಿತ್ತು, ಆದರೆ ಒಂದು ದಿನವೂ ದಾಟಿದ್ದಿಲ್ಲ. ಲೈಲ್ ಒಂದು ಅಡಿ ಬಿಟ್ಟೇ ಶುರು ಮಾಡಿದ. ಒಂದು ಸುತ್ತು ಹೊಡೆದು ತಿರುಗಿ ನೋಡಿದರೆ ಅಂಚಿನಲ್ಲಿ ಆ ಒಂದು ಅಡಿಯ ಪಟ್ಟಿ ಹಾಗೇ ಉಳಿದಿತ್ತು, ಬಳಿಯದೆ ಬಿಟ್ಟ ಗೋಡೆಯಂತೆ. ತನ್ನ ಮನೆಗೂ ಅವರ ಮನೆಗೂ ನಡುವೆ ಗೋಡೆ ಇಲ್ಲ, ಬೇಲಿ ಇಲ್ಲ, ಒಂದೇ ಹುಲ್ಲು. ಮುಂದಿನ ಬೇಸಿಗೆಯಲ್ಲಿ ಆ ಪಟ್ಟಿ ಬೇರೆ ಬಣ್ಣಕ್ಕೆ ತಿರುಗುತ್ತೆ, ನೋಡಿದವರು ಲೈಲ್ ಮಾಡಿದ್ದು ಅಂತಾರೆ. ರಸ್ತೆ ಬದಿ ಅವರ ಅಂಚೆಪೆಟ್ಟಿಗೆ ನೆಟ್ಟಿದ್ದ ಮೂಲೆಯಲ್ಲಿ ಅವನು ತೂತು ಹೊಡೆಯೋ ಯಂತ್ರವನ್ನು ಅರ್ಧ ಅಡಿ ಹೊರಗೆ ತಿರುಗಿಸಿದ. ಆಮೇಲೆ ಇನ್ನರ್ಧ ಅಡಿ. ಏನೂ ಆಗಲಿಲ್ಲ. ಕೈಗೆ ಒಂದು ಚೂರೂ ಗೊತ್ತಾಗಲಿಲ್ಲ.

ಮೂರು ಗಂಟೆಗೆ ಗ್ರೇವಿ ಮೊಲದ ಹಿಂದೆ ಓಡಿತು. ಮನೆ ಮುಂದಿನ ಕೌಂಟಿ ರಸ್ತೆಯಲ್ಲಿ ಹಾಲಿನ ಟ್ಯಾಂಕರ್ ಬರುತ್ತಿತ್ತು. ಲೈಲ್ ತನ್ನ ಅಂಗಳದಲ್ಲಿ ಬೀಜ ಚೆಲ್ಲುತ್ತಿದ್ದವನು ಬ್ರೇಕಿನ ಶಬ್ದ ಕೇಳಿದ, ಡ್ರೈವರ್ ಇಳಿದು ತಲೆ ಮೇಲೆ ಕೈ ಹೊತ್ತು ನಿಂತಿದ್ದನ್ನು ನೋಡಿದ, ಆಗಷ್ಟೇ ಕಾರಿನಿಂದಿಳಿದ ಬರ್ನಡೀನ್ ಸ್ನಾನದ ಟವೆಲಿನಲ್ಲಿ ನಾಯಿಯನ್ನು ಸುತ್ತಿಕೊಂಡು ಬರೋದನ್ನು ನೋಡಿದ. ಅವಳು ಇನ್ನೂ ಏನೂ ಕೇಳಿರಲಿಲ್ಲ, ಡ್ವೇನ್ ತಾನಾಗಿಯೇ, ಕೊರಳಪಟ್ಟಿಯ ಬ್ಯಾಟರಿ ಬರ್ನಿ, ಬ್ಯಾಟರಿ ಹೋಗಿರಬೇಕು, ನಾನು ಬದಲಿಸೋದು ಮರೆತೆ ಅಂದಿದ್ದ. ಪಟ್ಟಿ ಟ್ಯಾಂಕರಿನ ಕೆಳಗೆ ಪುಡಿಯಾಗಿತ್ತು, ನೋಡೋಕೆ ಏನೂ ಉಳಿದಿರಲಿಲ್ಲ. ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ಬ್ಯಾಟರಿ ಬದಲಿಸೋ ದಿನಕ್ಕೆ ಗುರುತು ಬಿದ್ದಿರಲಿಲ್ಲ. ಆ ಸಂಜೆ ನಾಯಿಗೆ ಗುಂಡಿ ತೋಡಿದವನು ಲೈಲ್. ಹುಲ್ಲನ್ನು ಚಾಪೆಯ ಹಾಗೆ ಸುತ್ತಿ ಎತ್ತಿಟ್ಟು, ಮಣ್ಣು ತೆಗೆದು, ಮುಚ್ಚಿ, ಹುಲ್ಲನ್ನು ಮತ್ತೆ ಹಾಸಿದ, ಎಲ್ಲಿ ಕೊಯ್ದಿದ್ದು ಅಂತ ಗೊತ್ತಾಗದ ಹಾಗೆ. ಬರ್ನಡೀನ್ ಅವನ ತೋಳು ಹಿಡಿದು, ನಿನ್ನ ಹಾಗೆ ಯಾರೂ ಮಾಡಲ್ಲ ಲೈಲ್ ಅಂದಳು. ವಾಪಸ್ ಬರುವಾಗ ಅಂಚೆಪೆಟ್ಟಿಗೆಯ ಹತ್ತಿರ ಯಂತ್ರ ಉಗುಳಿದ ಬೆರಳುದ್ದದ ಮಣ್ಣಿನ ಬಿರಡೆಗಳ ನಡುವೆ ಒಂದರಲ್ಲಿ ಏನೋ ಹಸಿರು ಕಂಡಿತು. ಬಗ್ಗಿ ಎತ್ತಿಕೊಂಡು ಪುಡಿ ಮಾಡಿದ. ಹಸಿರು ಪ್ಲಾಸ್ಟಿಕ್ಕಿನ ತಂತಿಯ ಚೂರು, ಎರಡೂ ತುದಿಯಲ್ಲಿ ತಾಮ್ರ ಹೊಳೆಯುತ್ತಿತ್ತು. ಅದನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದು, ಕಸದ ಬುಟ್ಟಿಯಲ್ಲಿ ಕಾಫಿ ಗಸಿಯ ಕೆಳಗೆ ತಳ್ಳಿ ಕೈ ತೊಳೆದುಕೊಂಡ. ಮೂರನೇ ದಿನ ಬರ್ನಡೀನ್ ಅವನಿಗಂತ ಒಂದು ತಟ್ಟೆ ನಿಂಬೆಹಣ್ಣಿನ ಕೇಕು ಮಾಡಿ ತಂದುಕೊಟ್ಟಳು. ಅವನು ತಿಂದ. ನಾಚಿಕೆಗೆಟ್ಟವನು, ಎರಡು ತುಂಡು ತಿಂದ.

ಈಗ ಲೈಲ್‌ನ ಹೆಂಡತಿ ಜೋಲೀನ್ ಬಿದಿರಿನ ಗೋರೆ ಹಿಡಿದು ಅವನ ಹಿಂದೆಯೇ ಬರುತ್ತಿದ್ದಳು, ಕಿತ್ತ ಕಸವನ್ನು ಗುಡ್ಡೆ ಹಾಕುತ್ತ. ಯಂತ್ರ ನಿಲ್ಲಿಸಿ ಅವನು ಚೀಲ ಹಿಡಿದುಕೊಂಡ, ಅವಳು ತುಂಬಿದಳು. ಇಷ್ಟು ಕಸ ನಮ್ಮ ಹುಲ್ಲಲ್ಲಿತ್ತಾ, ಮೇಲಿಂದ ನೋಡಿದರೆ ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದಳು. ಲೈಲ್‌ಗೆ ಒಂದು ಕ್ಷಣ ಅವಳಿಗೆ ಎಲ್ಲಾ ಗೊತ್ತಿದೆ ಅನ್ನಿಸಿತು. ಅವಳಿಗೆ ಏನೂ ಗೊತ್ತಿರಲಿಲ್ಲ. ಅವಳು ಡ್ವೇನ್‌ನ ವಿಷಯಕ್ಕೆ ಬಂದಿದ್ದಳು. ಬ್ಯಾಟರಿ ಬದಲಿಸೋಕೆ ಆಗದ ಮನುಷ್ಯನನ್ನು ನಂಬಿ ಮತ್ತೊಂದು ಜೀವ ತರ್ತಾಳಂತೆ, ಅವಳ ಧೈರ್ಯ ಮೆಚ್ಚಬೇಕು ಅಂದಳು. ಲೈಲ್ ಹೂಂ ಅಂದ. ಹಾಗೆ ಹೂಂ ಅನ್ನೋದು ಒಂದು ವರ್ಷದಿಂದ ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಶುಕ್ರವಾರದ ಮೀನೂಟಕ್ಕೆ ನಾಲ್ವರೂ ಕ್ಲಬ್ಬಿಗೆ ಹೋದಾಗ ಡ್ವೇನ್ ಕಾರಿನ ಕೀಲಿ ತೆಗೆದರೆ ಬರ್ನಡೀನ್ ಮಾತಾಡದೆ ಅವನ ಕೈಯಿಂದ ಕೀಲಿ ತಗೊಳ್ಳುತ್ತಿದ್ದಳು. ಮನೆಯಲ್ಲಿ ನಾಲ್ವರೂ ಕೂತಿದ್ದಾಗ ಅವನು ಒಲೆ ಆರಿಸಿ ಬಂದೆ ಅಂದರೆ ಅವಳು ಎದ್ದು ಹೋಗಿ ನೋಡಿ ಬರುತ್ತಿದ್ದಳು. ಜಗಳ ಇಲ್ಲ, ಬೈಗುಳ ಇಲ್ಲ, ಬರೀ ಎದ್ದು ಹೋಗಿ ನೋಡೋದು, ಅದೂ ಎಲ್ಲರ ಎದುರಿಗೇ. ಮೊದಲು ಡ್ವೇನ್ ಕ್ಲಬ್ಬಿನಲ್ಲಿ ಒಂದು ಮೇಜನ್ನೇ ನಗಿಸುತ್ತಿದ್ದ, ಪಾದ್ರಿಯ ನಡಿಗೆಯನ್ನು ಪಾದ್ರಿಯ ಎದುರಿಗೇ ಮಾಡಿ ತೋರಿಸುತ್ತಿದ್ದ. ಈಗ ಅವನು ಏನಾದರೂ ಹೇಳೋಕೆ ಬಾಯಿ ತೆರೆದರೆ ಮೊದಲು ಹೆಂಡತಿಯ ಮುಖ ನೋಡುತ್ತಾನೆ. ಲೈಲ್ ಎದುರಿಗೆ ಕೂತು ಕೋಸಿನ ಪಚಡಿ ತಿನ್ನುತ್ತ ಅದನ್ನೆಲ್ಲ ನೋಡಿದ್ದ. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಆ ಮನುಷ್ಯ ಮತ್ತೆ ನೆಟ್ಟಗೆ ಕೂರುತ್ತಿದ್ದ. ಹೇಳಿದರೆ ಬರ್ನಡೀನ್ ತನ್ನ ತೋಳು ಹಿಡಿದ ಆ ಕೈಯನ್ನು ಹೇಗೆ ಒರೆಸಿಕೊಳ್ಳುತ್ತಾಳೆ ಅನ್ನೋದು ಅವನ ಕಣ್ಣಿಗೆ ಕಟ್ಟುತ್ತಿತ್ತು. ಆಗ ನಿಂಬೆ ಹಿಂಡಿ ಮೀನು ತಿನ್ನುತ್ತಿದ್ದ.

ನಾಳೆ ಬರೋನು ಒಂದು ಸಲಕರಣೆ ಇಟ್ಟು ನೋಡಿದರೆ ತಂತಿ ತುಂಡಾಗಿರೋದು ಗೊತ್ತಾಗುತ್ತೆ. ಎಲ್ಲಿ ಅಂತಲೂ ಗೊತ್ತಾಗುತ್ತೆ, ಅವನ ಹತ್ತಿರ ಅದಕ್ಕೂ ಒಂದು ಸಲಕರಣೆ ಇರುತ್ತೆ. ಅಂಚೆಪೆಟ್ಟಿಗೆಯ ಮೂಲೆಯಲ್ಲಿ ಅಗೆದು, ಇಲ್ಲಿ ನೋಡಮ್ಮ, ಯಾರೋ ತೂತು ಹೊಡೆಯೋ ಯಂತ್ರ ಓಡಿಸಿದ್ದಾರೆ ಅಂತಾನೆ. ಅವನು ಅದನ್ನ ಮಾಮೂಲಿ ವಿಷಯ ಅನ್ನೋ ಹಾಗೆ ಹೇಳ್ತಾನೆ, ವಾರಕ್ಕೆ ಮೂರು ನೋಡ್ತಾನೆ. ಬರ್ನಡೀನ್ ಅಡುಗೆಮನೆಯ ಕಿಟಕಿಯಿಂದ ಲೈಲ್‌ನ ಮನೆ ಕಡೆ ನೋಡುತ್ತಾಳೆ. ಹಾಗಾಗೋದು ಬೇಡ. ಬೇರೆಯವನ ಬಾಯಿಂದ ಬೇಡ. ತಾನೇ ಹೇಳಬೇಕು, ಇವತ್ತೇ, ಮೊದಲು ಡ್ವೇನ್‌ಗೆ, ಒಂದು ವರ್ಷ ತನ್ನ ಪಾಲಿನ ತಪ್ಪನ್ನು ಹೊತ್ತವನಿಗೆ. ಹೀಗೆ ನಿರ್ಧಾರ ಮಾಡಿದ ಮೇಲೆ ಲೈಲ್‌ಗೆ ತಾನು ಒಳ್ಳೇ ಮನುಷ್ಯ ಅನ್ನಿಸಿತು. ಹಿಡಿದಿದ್ದ ಚೀಲದ ಬಾಯಿ ಕಟ್ಟಿದ. ಆ ಅನ್ನಿಸಿಕೆಯ ಬಗ್ಗೆಯೂ ಅವನಿಗೆ ಹೇಸಿಗೆಯಾಯಿತು, ಆದರೂ ಕಟ್ಟಿದ ಚೀಲ ಎತ್ತಿ ಬದಿಗಿಡುವಾಗ ಮೈ ಹಗುರಾಗಿತ್ತು.

ತನ್ನ ಹುಲ್ಲಿಗೆ ತೂತು ಹೊಡೆದು ಮುಗಿಸಿ ಯಂತ್ರವನ್ನು ಅವರ ಅಂಗಳಕ್ಕೆ ತಳ್ಳಿಕೊಂಡು ಹೋದಾಗ ಬರ್ನಡೀನ್ ನೆಲದ ಮೇಲೆ ಮಂಡಿಯೂರಿದ್ದಳು. ಮಂಡಿಯ ಕೆಳಗೆ ಮಡಚಿದ ಗೋಣಿಚೀಲ, ಪಕ್ಕದಲ್ಲಿ ಕಂಪನಿಯ ಪುಟ್ಟ ಪುಸ್ತಕ, ತಂತಿ ಹಾಕುವಾಗ ಯಾರೋ ಬರೆದುಕೊಟ್ಟ ನಕ್ಷೆ, ಅಳತೆಯ ಟೇಪು. ಹಿಡಿ ತುಂಬ ಬಿಳಿ ಬಾವುಟಗಳು, ಗೇಣುದ್ದದ ಕಡ್ಡಿಗೆ ಚೌಕಾಕಾರದ ಪ್ಲಾಸ್ಟಿಕ್ಕು. ಮನೆಯ ಗೋಡೆಯಿಂದ ಅಳೆದು, ನಕ್ಷೆ ನೋಡಿ, ತಂತಿಯ ಉದ್ದಕ್ಕೂ ಮೂರು ಅಡಿಗೊಂದು ನೆಡುತ್ತ ಬಂದಿದ್ದಳು. ಬೆಳಿಗ್ಗೆ ಆರಕ್ಕೆ ಎದ್ದು ಶುರು ಮಾಡಿದೆ, ಚರ್ಚಿಗೂ ಹೋಗಲಿಲ್ಲ ಅಂದಳು. ಅರವತ್ತು ದಾಟಿದ ಹೆಂಗಸು, ಒಂದು ಮಂಡಿಗೆ ಶಸ್ತ್ರಚಿಕಿತ್ಸೆ ಆಗಿದೆ.

"ಈ ಸಲ ನಾನು ಯಾರನ್ನೂ ನಂಬ್ಕೊಂಡು ಕೂರಲ್ಲ ಲೈಲ್," ಅಂದಳು. "ನಿನ್ನ ಬಿಟ್ಟು. ನೀನು ಮಾಡ್ತೀಯ ಅಂದ್ರೆ ನಂಗೆ ಧೈರ್ಯ."

ಅವನು ಅವಳ ಕೈ ಹಿಡಿದು ಎಬ್ಬಿಸಿದ. ಅವಳ ಅಂಗೈಯಲ್ಲಿ ಕಡ್ಡಿಗಳು ಒತ್ತಿದ ಗೆರೆಗಳಿದ್ದವು. ಮರಿಗೆ ಹೆಸರು ಇಟ್ಟಾಯ್ತಾ ಅಂತ ಕೇಳಿದ. ಇನ್ನೂ ಇಲ್ಲ, ಅದು ಮನೆಗೆ ಬಂದು ಒಂದು ತಿಂಗಳು ಬದುಕಲಿ, ಆಮೇಲೆ ಇಡ್ತೀನಿ ಅಂದಳು. ಅವಳು ನಗುತ್ತಾ ಅಂದಿದ್ದಕ್ಕೆ ಅವನೂ ನಕ್ಕ, ನಕ್ಕಿದ್ದಕ್ಕೆ ಬಾಯಿ ಕಹಿಯಾಯಿತು. ಡ್ವೇನ್ ಎಲ್ಲಿ ಅಂದ. ಗ್ಯಾರೇಜಿನಲ್ಲಿ, ಎಲ್ಲಿಗೆ ಹೋಗ್ತಾನೆ ಅಂದಳು.

ಗ್ಯಾರೇಜಿನಲ್ಲಿ ಡ್ವೇನ್ ಮಡಚೋ ಕುರ್ಚಿಯಲ್ಲಿ ಕೂತು ಏನೂ ಮಾಡುತ್ತಿರಲಿಲ್ಲ. ರೇಡಿಯೋದಲ್ಲಿ ಆಟಕ್ಕೆ ಮುಂಚಿನ ಹರಟೆ ಸಣ್ಣಗೆ ನಡೆದಿತ್ತು. ಗೋಡೆಯ ಮೇಲೆ ಮೊದಲು ಡಬ್ಬಿ ಇದ್ದ ಕಡೆ ನಾಲ್ಕು ತಿರುಪಿನ ತೂತು. ಲೈಲ್ ಒಳಗೆ ಬಂದು ಬಾಗಿಲಿಗೆ ಬೆನ್ನು ಮಾಡಿ ನಿಂತು, ಗಿರಣಿಯಲ್ಲಿ ಅಪಘಾತದ ವರದಿ ಕೊಡೋ ದನಿಯಲ್ಲಿ ಎಲ್ಲಾ ಹೇಳಿದ. ನೀನು ಒಂದು ಅಡಿ ಬಿಡು ಅಂದಿದ್ದೆ, ನಾನು ಬಿಡಲಿಲ್ಲ. ಮಣ್ಣಿನ ಬಿರಡೆಯಲ್ಲಿ ತಂತಿ ಸಿಕ್ಕಿತು. ಬಚ್ಚಿಟ್ಟೆ. ಬ್ಯಾಟರಿ ಅಲ್ಲ ಕಣೋ, ನಾನು. ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು, ಅದು ಬಂದದ್ದಕ್ಕೆ ಸಂತೋಷವೂ ಆಯಿತು, ಡ್ವೇನ್ ನೋಡಲಿ ಅನ್ನಿಸಿತು. ಡ್ವೇನ್ ಕೈ ಚಾಚಿ ರೇಡಿಯೋ ಆರಿಸಿದ.

"ಗೊತ್ತು," ಅಂದ.

ಲೈಲ್‌ಗೆ ಅರ್ಥವಾಗಲಿಲ್ಲ. ಡ್ವೇನ್ ಗೋಡೆಯ ನಾಲ್ಕು ತೂತುಗಳ ಕಡೆ ಗದ್ದ ತೋರಿಸಿದ. ತಂತಿ ಎಲ್ಲಾದರೂ ತುಂಡಾದರೆ ಆ ಡಬ್ಬಿ ಕೂಗುತ್ತೆ, ನಿಲ್ಲದೆ ಕೂಗುತ್ತೆ ಅಂದ. ಅವತ್ತು ಮಧ್ಯಾಹ್ನ ಒಂದೂವರೆಗೆ ಕೂಗೋಕೆ ಶುರುವಾಯಿತಂತೆ. ಆಟ ಬಿಗಿಯಾಗಿತ್ತು. ಲೈಲ್ ತಂತಿಗೆ ಹೊಡೆದ ಅಂತ ಅಲ್ಲೇ ಗೊತ್ತಾಯಿತು, ಆಟ ಮುಗಿಯಲಿ ಆಮೇಲೆ ನೋಡೋಣ, ನಾಯಿ ಹೇಗೂ ಮೆಟ್ಟಿಲ ಮೇಲೆ ಮಲಗಿದೆ ಅಂದುಕೊಂಡು ಎದ್ದು ಬಂದು ಪ್ಲಗ್ ಕಿತ್ತ. ಮತ್ತೆ ಹೋಗಿ ಕೂತ. ನಾಯಿಯನ್ನು ಒಳಗೆ ಕರೀಬೇಕು ಅಂತ ಅನ್ನಿಸಿತ್ತು, ಅದು ನಿಜ, ಅನ್ನಿಸಿತ್ತು. ಮರುದಿನ ಡಬ್ಬಿಯನ್ನೇ ಗೋಡೆಯಿಂದ ಬಿಚ್ಚಿ ಹಾಕಿದ, ಅದನ್ನ ನೋಡೋಕಾಗಲ್ಲ ಅಂತ ಅವಳಿಗೆ ಹೇಳಿದ. ಇದನ್ನೆಲ್ಲ ಅವನು ಲೈಲ್‌ನ ಮುಖ ನೋಡದೆ ಹೇಳಿದ. ಲೈಲ್‌ಗೆ ಮೊದಲು ಅನ್ನಿಸಿದ್ದು ಸಿಟ್ಟು. ಒಂದು ವರ್ಷ ಈ ಮನುಷ್ಯನಿಗಾಗಿ ಕರುಳು ಹಿಂಡಿಕೊಂಡಿದ್ದೆನಲ್ಲ, ಕ್ಲಬ್ಬಿನಲ್ಲಿ ಇವನ ಬಗ್ಗಿದ ಬೆನ್ನು ನೋಡಿ ನಿದ್ದೆ ಕೆಡಿಸಿಕೊಂಡಿದ್ದೆನಲ್ಲ, ಇವನು ಎದುರಿಗೆ ಕೂತು ನನ್ನನ್ನು ನೋಡುತ್ತಲೇ ಇದ್ದ. ನಾನು ಹೇಳದಿರೋದನ್ನು ದಿನಾ ನೋಡುತ್ತಿದ್ದ.

"ಅವಳಿಗೆ ಹೇಳ್ಬೇಡ," ಅಂದ ಡ್ವೇನ್. "ತಂತಿ ಅಂದ ಕೂಡ್ಲೇ ಡಬ್ಬಿ ವಿಷಯ ಕೇಳ್ತಾಳೆ. ಆ ಪುಸ್ತಕ ಇಟ್ಕೊಂಡು ಓದ್ತಿದ್ದಾಳೆ ಮಾರಾಯ, ಒಂದು ಅಕ್ಷರ ಬಿಡದೆ ಓದ್ತಾಳೆ. ಮರೆತಿದ್ದನ್ನ ಅವಳು ಕ್ಷಮಿಸ್ತಾಳೆ, ಇವತ್ತಲ್ಲ ನಾಳೆ. ಇದನ್ನ ಕ್ಷಮಿಸಲ್ಲ."

"ನಾಳೆ ಅವನು ಬಂದ್ರೆ ಗೊತ್ತಾಗುತ್ತಲ್ಲೋ."

"ಅದಕ್ಕೇ ಹೇಳ್ತಿರೋದು. ಯಂತ್ರ ತಂದಿದ್ದೀಯಲ್ಲ. ಅದೇ ಮೂಲೆಯಲ್ಲಿ ಇನ್ನೊಂದು ಸಲ ಹೊಡಿ. ಇವತ್ತು ತುಂಡಾಯ್ತು ಅನ್ನು. ಅವನು ಬಂದು ಗಂಟು ಹಾಕಿ ಹೋಗ್ತಾನೆ, ಮುಗೀತು."

ಬೇಡ ಅನ್ನೋಕೆ ಲೈಲ್‌ನ ಹತ್ತಿರ ಕಾರಣ ಇರಲಿಲ್ಲ, ಅಥವಾ ಇದ್ದ ಕಾರಣ ಹೇಳೋ ಯೋಗ್ಯತೆ ಇರಲಿಲ್ಲ. ಯಾರಿಗೂ ನಷ್ಟ ಇಲ್ಲ. ನಾಯಿ ಸತ್ತಾಗಿದೆ. ಮರಿ ಬರುತ್ತೆ, ತಂತಿ ರಿಪೇರಿಯಾಗುತ್ತೆ, ಬರ್ನಡೀನ್ ನಿಧಾನಕ್ಕೆ ಗಂಡನನ್ನು ಕ್ಷಮಿಸುತ್ತಾಳೆ, ನಿನ್ನ ಹಾಗೆ ಯಾರೂ ಮಾಡಲ್ಲ ಅನ್ನೋ ಮಾತು ಹಾಗೇ ಉಳಿಯುತ್ತೆ. ಇದಕ್ಕಿಂತ ಸುಲಭ ಇನ್ನೇನು ಬೇಕು. ಡ್ವೇನ್ ಕುರ್ಚಿಯಿಂದ ಎದ್ದು ಅವನ ಭುಜ ತಟ್ಟಿದ. ಒಂದು ವರ್ಷದಲ್ಲಿ ಮೊದಲ ಸಲ ಅವನ ಮುಖದಲ್ಲಿ ಹಳೇ ಡ್ವೇನ್‌ನ ಒಂದು ಚೂರು ಕಂಡಿತು.

ಲೈಲ್ ಅವರ ಅಂಗಳದ ಒಳಗಿನಿಂದ ಶುರು ಮಾಡಿ ಅಂಚಿನ ಕಡೆ ಬರುತ್ತ ಹೊಡೆದ. ಯಂತ್ರ ಭಾರ, ನಡೆಯೋದಕ್ಕಿಂತ ಎಳೆದುಕೊಂಡೇ ಹೋಗುತ್ತೆ, ಟೊಳ್ಳು ಹಲ್ಲುಗಳು ನೆಲಕ್ಕೆ ಇಳಿದು ಮಣ್ಣು ಕಚ್ಚಿ ಮೇಲೆ ಬಂದು ಉಗುಳುತ್ತವೆ, ಹಿಂದೆ ಸಾಲು ಸಾಲು ಬಿರಡೆಗಳು ಬೀಳುತ್ತವೆ. ನಿನ್ನೆ ಬರ್ನಡೀನ್ ನೀರು ಹಾಕಿ ನೆನೆಸಿದ್ದರಿಂದ ನೆಲ ಚೆನ್ನಾಗಿ ಬಿಡುತ್ತಿತ್ತು. ಅವಳು ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತ ನೋಡುತ್ತಿದ್ದಳು. ಪ್ರತಿ ಸಲ ಅವನು ಬಾವುಟದ ಸಾಲಿನ ಹತ್ತಿರ ಬಂದಾಗ ಅವಳ ಕೈ ನಿಲ್ಲುತ್ತಿತ್ತು, ಅವನು ಒಂದು ಅಡಿ ಬಿಟ್ಟು ತಿರುಗಿದಾಗ ಮತ್ತೆ ನೀವಿಕೊಳ್ಳುತ್ತಿದ್ದಳು. ಅಂಚೆಪೆಟ್ಟಿಗೆಯ ಮೂಲೆಯನ್ನು ಅವನು ಕೊನೆಗೆ ಉಳಿಸಿದ. ಅಲ್ಲಿ ಎರಡು ಬಾವುಟಗಳ ನಡುವೆ ಯಂತ್ರದ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಜಾಗ ಇತ್ತು. ಹೋದ ವರ್ಷ ಕೈಗೆ ಗೊತ್ತಾಗಿರಲಿಲ್ಲ, ಈ ವರ್ಷ ಕೈಗೆ ಎಲ್ಲಾ ಗೊತ್ತಾಗುತ್ತಿತ್ತು, ಹಿಡಿಯ ನಡುಕ, ಚಕ್ರದ ಕೆಳಗಿನ ಬೇರು, ತನ್ನ ಉಗುರಿನ ಕೆಳಗಿನ ಮಣ್ಣು. ಹಿಡಿಯನ್ನು ಅರ್ಧ ಅಡಿ ತಿರುಗಿಸಿದ. ಆಮೇಲೆ ಇನ್ನರ್ಧ ಅಡಿ. ಒಂದು ಬಾವುಟ ಚಕ್ರಕ್ಕೆ ಸಿಕ್ಕಿ ಮಲಗಿತು. ಹಲ್ಲುಗಳ ನಡುವೆ ಹಸಿರು ತಂತಿಯ ತುದಿ ಸಿಕ್ಕಿಕೊಂಡು ಮಾರುದ್ದ ಮೇಲೆದ್ದು ಬಂತು. ಅವನು ಯಂತ್ರ ನಿಲ್ಲಿಸಿ, ಅಯ್ಯೋ, ತಂತಿ ಅಂದ. ಅವನ ಕಿವಿಗೇ ಅದು ಸುಳ್ಳಾಗಿ ಕೇಳಿಸಿತು.

ಬರ್ನಡೀನ್ ಕುಂಟುತ್ತ ಓಡಿ ಬಂದಳು. ಲೈಲ್ ತಂತಿಯ ತುದಿಯನ್ನು ಬೆರಳುಗಳ ನಡುವೆ ಹಿಡಿದಿದ್ದ. ಹೊಸದಾಗಿ ತುಂಡಾದ ತಾಮ್ರ ಹೊಳೆಯುತ್ತೆ, ಇದು ಕಪ್ಪಾಗಿ ಕಿಲುಬುಗಟ್ಟಿತ್ತು, ಒಂದು ಚಳಿಗಾಲದ ಹಿಮವನ್ನೂ ಒಂದು ವಸಂತದ ನೀರನ್ನೂ ಕುಡಿದಿತ್ತು. ಹತ್ತಿರದಿಂದ ನೋಡಿದರೆ ಯಾರಿಗಾದರೂ ಗೊತ್ತಾಗುತ್ತೆ, ನಾಳೆ ಬರೋನಿಗಂತೂ ಒಂದು ನೋಟ ಸಾಕು. ಡ್ವೇನ್‌ಗೂ ಇದು ಹೊಳೆದಿರಲಿಲ್ಲ, ತನಗೂ ಹೊಳೆದಿರಲಿಲ್ಲ. ಎಂಥಾ ದಡ್ಡರು. ಆದರೆ ಬರ್ನಡೀನ್ ತಂತಿಯ ಕಡೆ ನೋಡಲೇ ಇಲ್ಲ. ಅವಳು ಮಲಗಿದ್ದ ಬಾವುಟವನ್ನು ನೋಡುತ್ತಿದ್ದಳು, ಆಮೇಲೆ ಆ ಕಡೆಯ ಬಾವುಟ, ಈ ಕಡೆಯ ಬಾವುಟ.

"ನಂದೇ ತಪ್ಪು," ಅಂದಳು. "ಇಲ್ಲಿ ವಾರೆಯಾಗಿ ನೆಟ್ಟಿದ್ದೀನಿ. ಈ ಮೂಲೆಯಲ್ಲಿ ಟೇಪು ಜಾರಿತ್ತು, ಇರಲಿ ಬಿಡು ಅಂತ ಬಿಟ್ಟೆ."

ಅಲ್ಲ ಅನ್ನೋಕೆ ಲೈಲ್ ಬಾಯಿ ತೆರೆದ. ಅವಳು ಕೇಳಿಸಿಕೊಳ್ಳಲಿಲ್ಲ. ಗ್ಯಾರೇಜಿನಿಂದ ಡ್ವೇನ್ ಬಂದು ಅವಳ ಪಕ್ಕ ನಿಂತಿದ್ದ, ಅವಳು ಅವನ ಅಂಗಿಯ ತೋಳು ಹಿಡಿದುಕೊಂಡಳು. ನೋಡು, ಆರು ಗಂಟೆಯಿಂದ ಮಂಡಿ ಸವೆಸಿದ್ದೀನಿ, ಆದರೂ ಒಂದು ಕಡೆ ತಪ್ಪಿದೆ, ನನಗೂ ತಪ್ಪುತ್ತೆ ಅಂದಳು. ನಿನಗೆ ಬ್ಯಾಟರಿ ಮರೆತುಹೋಯಿತು ಅಂತ ಒಂದು ವರ್ಷ ನಿನ್ನ ಹಿಂದೆ ಒಲೆ ನೋಡಿಕೊಂಡು ತಿರುಗಿದೆನಲ್ಲ ಅಂದಳು. ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು, ಅವಳು ತಲೆಯನ್ನು ಅವನ ತೋಳಿಗೆ ಒತ್ತಿ ಅತ್ತಳು. ಡ್ವೇನ್ ಅವಳ ಬೆನ್ನ ಮೇಲೆ ಕೈ ಇಟ್ಟ. ಅವಳ ತಲೆಯ ಮೇಲಿಂದ ಲೈಲ್‌ನನ್ನು ನೋಡಿದ. ಆ ನೋಟದಲ್ಲಿ ಬೇಡಿಕೆ ಇತ್ತು, ಇಷ್ಟು ಸಾಕು, ಇಲ್ಲಿಗೆ ಬಿಡು ಅನ್ನೋ ಬೇಡಿಕೆ. ಬಿಡಬಹುದಿತ್ತು. ಕಪ್ಪಾದ ತುದಿಯನ್ನು ಜೇಬಿನ ಕತ್ತರಿಯಿಂದ ಒಂದು ಇಂಚು ಕೊಯ್ದುಬಿಟ್ಟರೆ ಒಳಗಿನ ತಾಮ್ರ ಹೊಳೆಯುತ್ತೆ, ನಾಳೆ ಬರೋನಿಗೂ ಸಮಾಧಾನ. ಹೇಗೆ ಅಂತ ಅವನಿಗೆ ಅಷ್ಟು ಬೇಗ ಹೊಳೆಯಿತು. ಅಷ್ಟು ಬೇಗ ಹೊಳೆದದ್ದನ್ನು ಕಂಡು ಅವನಿಗೆ ತನ್ನ ಮೇಲೆ ಭಯವಾಯಿತು. ಆರು ಗಂಟೆಯಿಂದ ಮಂಡಿಯೂರಿದವಳು ಕ್ಷಮೆ ಕೇಳುತ್ತಿದ್ದಾಳೆ, ಕೇಳಿಸಿಕೊಳ್ಳುತ್ತಿರೋರು ನಾವಿಬ್ಬರು.

"ಬಾವುಟ ಸರಿಯಾಗೇ ಇದೆ ಬರ್ನಡೀನ್," ಅಂದ. "ಬೇಕಂತಲೇ ಹೊಡೆದೆ. ತಂತಿ ತುಂಡಾಗಿದ್ದು ಇವತ್ತಲ್ಲ. ಹೋದ ವರ್ಷ, ಅವತ್ತು ಮಧ್ಯಾಹ್ನ, ನಾನೇ."

ಅವಳು ತಲೆ ಎತ್ತಿದಳು. ಅವನು ತಂತಿಯ ತುದಿಯನ್ನು ಚಾಚಿದ, ಅವಳು ಅದನ್ನು ತಗೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಕಪ್ಪನ್ನು ಹೆಬ್ಬೆರಳಿನಿಂದ ಉಜ್ಜಿದಳು. ಬೈಯುತ್ತಾಳೆ ಅಂತ ಲೈಲ್ ಕಾದ, ಬೈದರೆ ಸಾಕು ಅಂತ ಕಾದ. ಅವಳು ಬೈಯಲಿಲ್ಲ. ಅವನ ಕಡೆ ತಿರುಗಲೂ ಇಲ್ಲ. ಅವಳ ತುಟಿಗಳು ಸಣ್ಣಗೆ ಅಲ್ಲಾಡಿದವು, ಓದಿದ್ದನ್ನು ನೆನಪು ಮಾಡಿಕೊಳ್ಳೋರ ಹಾಗೆ. ಗಂಡನ ತೋಳು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು.

"ಹಾಗಾದ್ರೆ ಡಬ್ಬಿ ಯಾಕೆ ಕೂಗಲಿಲ್ಲ, ಡ್ವೇನ್?"

ಬೀದಿಯಲ್ಲಿ ಎಲ್ಲರ ಯಂತ್ರವೂ ನಿಂತಿತ್ತು, ಆಟ ಶುರುವಾಗಿತ್ತು. ಡ್ವೇನ್ ಮೊದಲು ಅವಳ ಮುಖ ನೋಡಿದ, ಈ ಒಂದು ವರ್ಷದ ಅಭ್ಯಾಸದಂತೆ. ಆಮೇಲೆ ನೆಲ ನೋಡಿದ.

"ಕೂಗಿತ್ತು," ಅಂದ. "ಪ್ಲಗ್ ಕಿತ್ತೆ. ಆಟ ನೋಡ್ತಿದ್ದೆ."

ಅವಳ ಅಂಗೈ ಆ ತಂತಿಯನ್ನು ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿತ್ತು. ಜೋಲೀನ್ ತಮ್ಮ ಅಂಗಳದ ಕೊನೆಯಲ್ಲಿ ಗೋರೆ ಊರಿಕೊಂಡು ಈ ಕಡೆ ನೋಡುತ್ತಿದ್ದಳು, ಬರಲೋ ಬೇಡವೋ ಅಂತ. ಲೈಲ್ ಬೇಡ ಅಂತ ಕೈ ಸನ್ನೆ ಮಾಡಿದ.

"ಕ್ಯಾಥ್ಲೀನ್‌ಗೆ ಫೋನ್ ಮಾಡು," ಅಂದಳು ಬರ್ನಡೀನ್ ಗಂಡನಿಗೆ. ದನಿ ಎತ್ತರಿಸಲಿಲ್ಲ. "ಮರಿ ಬೇಡ ಅನ್ನು. ಯಾಕೆ ಅಂತ ಕೇಳ್ತಾಳೆ. ಹೇಳು. ಈಗ ನಂಗೆ ಹೇಳಿದ್ಯಲ್ಲ, ಹಾಗೇ ಹೇಳು." ಆಮೇಲೆ ಲೈಲ್‌ನ ಕಡೆ ತಿರುಗಿದಳು. "ನೀನು ಹೋಗ್ಬೇಡ. ನಿಂತ್ಕೊಂಡು ಕೇಳು. ನಿಂದು ಬಂದಾಗ ನೀನು ಹೇಳು."

ಡ್ವೇನ್ ಜೇಬಿನಿಂದ ಫೋನ್ ತೆಗೆದ. ಕನ್ನಡಕ ಒಳಗೆ ಟೀವಿಯ ಹತ್ತಿರ ಇತ್ತು, ಹೆಸರು ಕಾಣುತ್ತಿರಲಿಲ್ಲ. ಫೋನನ್ನು ಕಣ್ಣಿಗೆ ಹತ್ತಿರ ತಂದ, ದೂರ ಹಿಡಿದ, ಬೆರಳು ಎಲ್ಲೆಲ್ಲೋ ಒತ್ತಿತು. ಬರ್ನಡೀನ್ ಸಹಾಯ ಮಾಡಲಿಲ್ಲ. ಲೈಲ್ ಅವನ ಕೈಯಿಂದ ಫೋನ್ ತಗೊಂಡು, ಹೆಸರು ಹುಡುಕಿ, ಒತ್ತಿ, ಆ ಕಡೆ ಗಂಟೆ ಹೊಡೆಯೋದನ್ನು ಕೇಳಿಸಿಕೊಂಡು ವಾಪಸ್ ಅವನ ಕೈಗೆ ಕೊಟ್ಟ. ಆಮೇಲೆ ತನ್ನ ಸರದಿಗಾಗಿ ಅಲ್ಲೇ ನಿಂತ.